ವಿಶ್ವವಿದ್ಯಾನಿಲಯದ ಉದ್ಯೋಗ ಮೇಳಗಳಲ್ಲಿ ನಮ್ಮ ಗಡಿನಾಡಿನ ಮಕ್ಕಳ ಬಯೋಡಾಟಾ ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ ಕೇಳಿದವರು: ಕುಂಬಳೆ ಸೀಮೆಯ ಅಧ್ಯಾಪಕಿ

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ಉತ್ತರ ಭಾಗದ ಒಂದು ಪದವಿ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸುತ್ತಿದ್ದು, ಈ ವರ್ಷದಿಂದ ಪ್ಲೇಸ್‌ಮೆಂಟ್ ಸೆಲ್ಲಿನ ಹೊಣೆಯನ್ನೂ ನೋಡಿಕೊಳ್ಳುತ್ತಿದ್ದೇನೆ. ನಮ್ಮ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪ್ಲಸ್‌ಟುವಿನಲ್ಲಿ ಇಂಗ್ಲಿಷಿಗೆ ಹೊರಳಿದವರು. ಬದಿಯಡ್ಕ, ಪೆರ್ಲ, ಬಾಯಾರು, ಪೈವಳಿಕೆ ಕಡೆಗಳಿಂದ ಬೆಳಗ್ಗಿನ ಬಸ್ಸು ಹಿಡಿದು ಬಂದು ಸಂಜೆ ಕತ್ತಲಾಗುವ ಹೊತ್ತಿಗೆ ಮನೆ ಸೇರುವವರು. ಅಡಿಕೆ ತೋಟದ ಕೂಲಿಯನ್ನೋ, ಬೀಡಿ ಕಟ್ಟುವ ಕೆಲಸವನ್ನೋ, ಗಲ್ಫಿನಲ್ಲಿರುವ ಅಣ್ಣನ ದುಡಿಮೆಯನ್ನೋ ನಂಬಿಕೊಂಡ ಮನೆಗಳ ಮಕ್ಕಳು. ಅವರಿಗೆ ಪದವಿ ಮುಗಿದ ಕೂಡಲೇ ಒಂದು ಕೆಲಸ ಬೇಕು, ಮತ್ತು ಅದು ಮಂಗಳೂರಿನಷ್ಟು ದೂರದೊಳಗೆ ಇದ್ದರೆ ಮನೆಯವರ ಒಪ್ಪಿಗೆ ಸುಲಭವಾಗಿ ಸಿಗುತ್ತದೆ.

ಕಳೆದ ಋತುವಿನಲ್ಲಿ ಅಂತಿಮ ವರ್ಷದ ವಿದ್ಯಾರ್ಥಿಗಳನ್ನು ಬಸ್ಸು ಮಾಡಿ ಒಂದು ವಿಶ್ವವಿದ್ಯಾನಿಲಯದ ಉದ್ಯೋಗ ಮೇಳಕ್ಕೆ ಕರೆದುಕೊಂಡು ಹೋಗಿದ್ದೆವು. ವ್ಯವಸ್ಥೆ ಅಚ್ಚುಕಟ್ಟಾಗಿತ್ತು, ಸ್ಟಾಲುಗಳ ಸಂಖ್ಯೆಯೂ ದೊಡ್ಡದಿತ್ತು. ಆದರೆ ಅಲ್ಲಿ ನಾನು ಕಂಡದ್ದು ಮನಸ್ಸಿನಿಂದ ಹೋಗುತ್ತಿಲ್ಲ. ಪ್ರತಿಯೊಂದು ಮೇಜಿನ ಮುಂದೆ ಉದ್ದದ ಸಾಲು. ಸಾಲಿನ ತುದಿಗೆ ಬಂದ ವಿದ್ಯಾರ್ಥಿಯ ಕೈಯಿಂದ ಬಯೋಡಾಟಾ ತೆಗೆದುಕೊಂಡು, ‘ನಿಮ್ಮ ಬಗ್ಗೆ ಹೇಳಿ’ ಎಂದು ಇಂಗ್ಲಿಷಿನಲ್ಲಿ ಒಂದೇ ಪ್ರಶ್ನೆ ಕೇಳಿ, ಉತ್ತರ ಮುಗಿಯುವ ಮೊದಲೇ ‘ನಾವೇ ಕರೆಯುತ್ತೇವೆ’ ಎಂದು ಹೇಳಿ ಆ ಹಾಳೆಯನ್ನು ಬದಿಯ ಅಟ್ಟಿಯ ಮೇಲೆ ಇಡುವುದು. ನಮ್ಮ ಬಿಕಾಂ ತರಗತಿಯಲ್ಲಿ ಬ್ಯಾಲೆನ್ಸ್ ಶೀಟಿನ ತಪ್ಪನ್ನು ಎಲ್ಲರಿಗಿಂತ ಮೊದಲು ಹಿಡಿಯುವ ಹುಡುಗಿಯೊಬ್ಬಳಿದ್ದಾಳೆ. ಮನೆಯಲ್ಲಿ ತುಳು, ತರಗತಿಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ ಎಂದು ಒಂದರಿಂದ ಇನ್ನೊಂದಕ್ಕೆ ಸಲೀಸಾಗಿ ಜಾರುವವಳು. ಆ ಮೇಜಿನ ಮುಂದೆ ಆಕೆ ತನ್ನ ಹೆಸರು, ಊರು ಹೇಳಿ ನಿಂತುಬಿಟ್ಟಳು. ಮುಂದಿನವನನ್ನು ಕರೆದರು.

ಇನ್ನೊಂದೆಡೆ, ತುಂಬ ಆತ್ಮೀಯವಾಗಿ ಕನ್ನಡದಲ್ಲೇ ಮಾತನಾಡಿಸಿದ ಒಂದು ಕಂಪೆನಿಯವರು ನಮ್ಮವರಲ್ಲಿ ಅನೇಕರನ್ನು ಅಲ್ಲಿಂದಲ್ಲಿಗೇ ‘ಮ್ಯಾನೇಜ್‌ಮೆಂಟ್ ಟ್ರೈನಿ’ ಎಂದು ಆಯ್ಕೆ ಮಾಡಿದರು. ಮಕ್ಕಳು ಬಸ್ಸಿನಲ್ಲಿ ಸಿಹಿ ಹಂಚಿದರು. ಅದು ಮನೆಮನೆಗೆ ಹೋಗಿ ವಿಮಾ ಪಾಲಿಸಿ ಮಾರುವ ಕೆಲಸ, ಟಾರ್ಗೆಟ್ ಮುಟ್ಟದ ತಿಂಗಳು ಸಂಬಳವೇ ಇಲ್ಲ ಎಂಬುದು ಆಮೇಲೆ ತಿಳಿಯಿತು. ಉಳಿದ ಮೇಜುಗಳಲ್ಲಿ ಬಿಟ್ಟುಬಂದ ಬಯೋಡಾಟಾಗಳಿಗೆ ಒಂದು ಕರೆಯೂ ಬರಲಿಲ್ಲ.

ಈ ವರ್ಷವೂ ಆಹ್ವಾನ ಬಂದಿದೆ. ಉದ್ಯೋಗದಾತರು ಇಂತಹ ಮೇಳಗಳಿಗೆ ನಿಜವಾಗಿ ಯಾತಕ್ಕಾಗಿ ಬರುತ್ತಾರೆ, ಅವರು ಸಂಗ್ರಹಿಸಿದ ಹಾಳೆಗಳಿಗೆ ಏನಾಗುತ್ತದೆ, ಕನ್ನಡ ಮಾಧ್ಯಮದ ಮಕ್ಕಳನ್ನು ಆ ಎರಡು ನಿಮಿಷಗಳಿಗೆ ನಾವು ಹೇಗೆ ಸಿದ್ಧಪಡಿಸಬೇಕು ಎಂಬುದನ್ನು ಅನುಭವಸ್ಥರು ತಿಳಿಸಬೇಕೆಂದು ಕೋರುತ್ತೇನೆ. ಹೋಗುವುದೇ ವ್ಯರ್ಥ ಎಂದು ಯಾರಿಗಾದರೂ ಅನಿಸಿದ್ದರೆ ಅದನ್ನೂ ಕಾರಣಸಹಿತ ಹೇಳಿ.

ಉತ್ತರ: ಮಂಜೇಶ್ವರದವನು

ಮೇಡಂ, ನಾನು ಮಂಜೇಶ್ವರದಲ್ಲಿ ಹುಟ್ಟಿ ಬೆಳೆದು, ಈಗ ಮಂಗಳೂರಿನ ಒಂದು ಖಾಸಗಿ ಸಂಸ್ಥೆಯ ಎಚ್‌ಆರ್ ವಿಭಾಗದಲ್ಲಿ ನೇಮಕಾತಿಯ ಕೆಲಸ ಮಾಡುತ್ತಿದ್ದೇನೆ. ನೀವು ವರ್ಣಿಸಿದ ಮೇಜಿನ ಆ ಬದಿಯಲ್ಲಿ ಕುಳಿತು ಅನುಭವವಿರುವುದರಿಂದ, ಅಲ್ಲಿ ನಡೆಯುವುದನ್ನು ಇದ್ದದ್ದು ಇದ್ದಹಾಗೆ ಹೇಳುತ್ತೇನೆ.

ಮೇಳಕ್ಕೆ ಬರುವ ಎಲ್ಲ ಸಂಸ್ಥೆಗಳ ಕೈಯಲ್ಲೂ ಆ ದಿನ ತುಂಬಬೇಕಾದ ಹುದ್ದೆ ಇರುವುದಿಲ್ಲ. ಕೆಲವರು ಮಂಜೂರಾದ ಹುದ್ದೆಗಳನ್ನು ಹಿಡಿದುಕೊಂಡೇ ಬರುತ್ತಾರೆ; ಇಷ್ಟು ಮಂದಿ, ಇಂತಹ ಊರಿಗೆ, ಇಂತಹ ತಿಂಗಳಿಗೆ ಎಂಬ ಲೆಕ್ಕ ಅವರಲ್ಲಿ ಖಚಿತವಾಗಿರುತ್ತದೆ. ಬೇರೆ ಕೆಲವರು, ಮುಂದಿನ ತಿಂಗಳುಗಳಲ್ಲಿ ಯಾರಾದರೂ ಕೆಲಸ ಬಿಟ್ಟರೆ ಕರೆಯಲು ಹೆಸರುಗಳಿರಲಿ ಎಂದು ಬಯೋಡಾಟಾ ಸಂಗ್ರಹಿಸುವುದಕ್ಕಾಗಿಯೇ ಬರುತ್ತಾರೆ. ಇನ್ನುಳಿದವರು ವಿಶ್ವವಿದ್ಯಾನಿಲಯ ಕರೆಯಿತೆಂಬ ಗೌರವಕ್ಕೆ, ಸಂಸ್ಥೆಯ ಹೆಸರು ವಿದ್ಯಾರ್ಥಿಗಳ ಕಣ್ಣಿಗೆ ಬೀಳಲಿ ಎಂಬ ಉದ್ದೇಶಕ್ಕೆ ಬ್ಯಾನರ್ ಕಟ್ಟಿ ಕುಳಿತುಕೊಳ್ಳುತ್ತಾರೆ. ಹೊರಗಿನಿಂದ ನೋಡಿದರೆ ಎಲ್ಲ ಮೇಜುಗಳೂ ಒಂದೇ. ಆದುದರಿಂದ ನೀವು ಬಸ್ಸು ಗೊತ್ತುಮಾಡುವ ಮೊದಲು ಸಂಘಟಕರಿಂದ ಕಂಪೆನಿಗಳ ಪಟ್ಟಿಯನ್ನೂ ಪ್ರತಿಯೊಂದು ಹುದ್ದೆಯ ವಿವರವನ್ನೂ ತರಿಸಿಕೊಳ್ಳಬೇಕು: ಹುದ್ದೆಗಳೆಷ್ಟು, ಕೆಲಸ ಎಲ್ಲಿ, ಸೇರಬೇಕಾದ ತಿಂಗಳು ಯಾವುದು, ಅಂತಿಮ ಸಂದರ್ಶನ ಅಲ್ಲೇ ನಡೆಯುತ್ತದೆಯೇ ಅಥವಾ ಕಚೇರಿಗೆ ಬರಬೇಕೇ, ಸಂಬಳದಲ್ಲಿ ಖಚಿತವಾದ ಪಾಲೆಷ್ಟು, ಕಮಿಷನ್ ಎಷ್ಟು. ಈ ಕೊನೆಯ ಪ್ರಶ್ನೆಯೊಂದನ್ನು ಬರಹದಲ್ಲಿ ಕೇಳಿದ್ದರೆ, ವಿಮಾ ಪಾಲಿಸಿ ಮಾರುವ ಕೆಲಸಕ್ಕೆ ದೊಡ್ಡ ಹೆಸರು ಕೊಟ್ಟು ಬಂದವರು ಸುಮ್ಮನಾಗುತ್ತಿದ್ದರು. ಖಾಲಿ ಹುದ್ದೆ ಇರುವವರು ಇದಕ್ಕೆ ಅದೇ ದಿನ ಉತ್ತರ ಕೊಡುತ್ತಾರೆ, ಏಕೆಂದರೆ ಆ ವಿವರಗಳು ಅವರ ಮೇಜಿನ ಮೇಲೆಯೇ ಇರುತ್ತವೆ.

ಹಾಳೆಗಳ ವಿಷಯ. ಸಂಜೆ ಕಚೇರಿಗೆ ಮರಳಿದ ಮೇಲೆ ಯಾರೋ ಒಬ್ಬ ಕಿರಿಯ ಸಹೋದ್ಯೋಗಿ ಕುಳಿತು ಆ ಹೆಸರುಗಳನ್ನು ಎಕ್ಸೆಲ್ಲಿಗೆ ಏರಿಸುತ್ತಾನೆ. ಪದವಿ, ಶೇಕಡಾವಾರು ಅಂಕ, ಬಾಕಿ ಇರುವ ವಿಷಯಗಳು, ಊರು, ಫೋನ್ ನಂಬರು ಇಷ್ಟೇ ಕಾಲಮುಗಳು. ಆದರೆ ಅದಕ್ಕಿಂತ ಮೊದಲೇ, ವಿದ್ಯಾರ್ಥಿ ಮುಂದೆ ನಿಂತಿರುವಾಗಲೇ, ನಾವು ಹಾಳೆಯ ಬಲಮೂಲೆಯಲ್ಲಿ ಪೆನ್ನಿನಿಂದ ಒಂದು ಸಣ್ಣ ಗುರುತು ಹಾಕಿರುತ್ತೇವೆ. ಮರುದಿನ ಫೋನ್ ಹೋಗುವುದು ಆ ಗುರುತಿನ ಹಾಳೆಗಳಿಗೆ ಮಾತ್ರ. ಗುರುತು ಬೀಳುವಂತೆ ಮಾಡುವುದು ಇಂಗ್ಲಿಷಿನ ಠೀವಿಯಲ್ಲ. ಈ ಹುಡುಗ ಯಾವ ಕೆಲಸಕ್ಕೆ ಬಂದಿದ್ದಾನೆಂದು ಅವನಿಗೇ ಗೊತ್ತಿದೆಯೇ ಎಂಬುದು. ಪ್ರತಿಯೊಂದು ಮೇಜಿಗೂ ಒಂದೇ ಬಯೋಡಾಟಾ ಹಿಡಿದುಕೊಂಡು ಬಂದವರನ್ನೂ, ನಮ್ಮ ಹುದ್ದೆಯ ವಿವರ ಓದಿಕೊಂಡು ಬಂದವರನ್ನೂ ಗುರುತಿಸಲು ನಮಗೆ ಅರ್ಧ ನಿಮಿಷ ಸಾಕು.

ಕಾಸರಗೋಡಿನ ಕಾಲೇಜುಗಳಿಂದ ಬರುವ ಬಯೋಡಾಟಾಗಳ ಮೇಲ್ಭಾಗದಲ್ಲಿ ‘ಸವಾಲಿನ ವಾತಾವರಣದಲ್ಲಿ ಕೆಲಸ ಮಾಡಿ ಸಂಸ್ಥೆಯ ಬೆಳವಣಿಗೆಗೆ ದುಡಿಯಬೇಕೆಂಬುದು ನನ್ನ ಗುರಿ’ ಎಂಬ ಅರ್ಥದ, ಎಲ್ಲಿಂದಲೋ ನಕಲಾದ ಒಂದು ಇಂಗ್ಲಿಷ್ ವಾಕ್ಯ ತಪ್ಪದೆ ಇರುತ್ತದೆ. ದಯವಿಟ್ಟು ಅದನ್ನು ತೆಗೆಸಿ. ಆ ಜಾಗದಲ್ಲಿ ಮಕ್ಕಳು ನಿಜವಾಗಿ ಮಾಡಿದ್ದನ್ನು ಬರೆಯಲಿ. ಮಾವನ ಅಂಗಡಿಯ ಜಿಎಸ್‌ಟಿ ರಿಟರ್ನಿಗೆ ಬಿಲ್ಲುಗಳನ್ನು ಜೋಡಿಸಿಕೊಟ್ಟವರು, ಅಮ್ಮನ ಕುಟುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ) ಗುಂಪಿನ ಲೆಕ್ಕಪುಸ್ತಕ ಬರೆದವರು, ಹಾಲಿನ ಸೊಸೈಟಿಯಲ್ಲಿ ರಜೆಯ ತಿಂಗಳು ಕುಳಿತವರು ನಿಮ್ಮ ತರಗತಿಯಲ್ಲಿ ಖಂಡಿತ ಇದ್ದಾರೆ. ಇದು ಹೇಳಿಕೊಳ್ಳುವಂಥದ್ದಲ್ಲ ಎಂದು ಅವರು ಭಾವಿಸುತ್ತಾರೆ. ಲೆಕ್ಕ ವಿಭಾಗಕ್ಕೆ ಜನ ಹುಡುಕುವ ನನಗೆ ಅದಕ್ಕಿಂತ ಬೇಕಾದ ಮಾತು ಬೇರೆ ಇಲ್ಲ.

ಭಾಷೆಯ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಮಕ್ಕಳು ತಮ್ಮ ಕೈಯಲ್ಲಿರುವ ಅತ್ಯಂತ ಬೆಲೆಬಾಳುವ ಅರ್ಹತೆಯನ್ನು ಬಯೋಡಾಟಾದ ಕೊನೆಯ ಸಾಲಿನಲ್ಲಿ, ಹವ್ಯಾಸಗಳ ಕೆಳಗೆ ಬರೆಯುತ್ತಾರೆ. ಮಂಗಳೂರಿನ ಆಸ್ಪತ್ರೆಗಳಿಗೆ ಕಾಸರಗೋಡು ಜಿಲ್ಲೆಯಿಂದ ದಿನವೂ ಎಷ್ಟು ರೋಗಿಗಳು ಬರುತ್ತಾರೆಂಬುದು, 2020ರ ಮಾರ್ಚಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಎದ್ದ ಹಾಹಾಕಾರದಿಂದ ದೇಶಕ್ಕೆಲ್ಲ ತಿಳಿಯಿತು; ವಿಷಯ ಸುಪ್ರೀಂ ಕೋರ್ಟಿನ ತನಕ ಹೋಯಿತು. ಅಲ್ಲಿನ ಸ್ವಾಗತದ ಮೇಜಿನಲ್ಲಿ, ಬಿಲ್ಲಿಂಗಿನಲ್ಲಿ, ವಿಮಾ ಕೌಂಟರಿನಲ್ಲಿ ಕುಳಿತವರು ಉಪ್ಪಳದ ಅಜ್ಜಿಗೆ ಮಲಯಾಳದಲ್ಲಿ, ಬಂಟ್ವಾಳದ ಅಜ್ಜನಿಗೆ ತುಳುವಿನಲ್ಲಿ, ಹಾಸನದಿಂದ ಬಂದವರಿಗೆ ಕನ್ನಡದಲ್ಲಿ ವಿಷಯ ತಿಳಿಸಬೇಕಾಗುತ್ತದೆ. ಸಾಲ ವಸೂಲಿ ಮತ್ತು ಗ್ರಾಹಕ ಸೇವೆಯ ವಿಭಾಗಗಳಲ್ಲೂ, ಎರಡೂ ರಾಜ್ಯಗಳಲ್ಲಿ ವ್ಯಾಪಾರವಿರುವ ಸಗಟು ಸಂಸ್ಥೆಗಳಲ್ಲೂ ಇದೇ ಅಗತ್ಯವಿದೆ. ನಾಲ್ಕು ಭಾಷೆ ಬಲ್ಲವರನ್ನು ತರಬೇತಿಯಿಂದ ತಯಾರಿಸಲು ಯಾವ ಸಂಸ್ಥೆಗೂ ಆಗದು. ಆದುದರಿಂದ ಭಾಷೆಗಳನ್ನು ಬಯೋಡಾಟಾದ ಮೊದಲ ಭಾಗದಲ್ಲಿ, ಯಾವುದರಲ್ಲಿ ಮಾತು ಮಾತ್ರ, ಯಾವುದರಲ್ಲಿ ಓದು ಬರಹವೂ ಬರುತ್ತದೆ ಎಂಬುದನ್ನು ಸ್ಪಷ್ಟಪಡಿಸಿ ಬರೆಯಿಸಿ. ನಿಮ್ಮ ಆ ವಿದ್ಯಾರ್ಥಿನಿ ‘ನಾನು ತುಳು, ಕನ್ನಡ, ಮಲಯಾಳ ಮೂರನ್ನೂ ಚೆನ್ನಾಗಿ ಮಾತನಾಡುತ್ತೇನೆ, ಟ್ಯಾಲಿ ಬರುತ್ತದೆ, ಮಂಗಳೂರಿಗೆ ದಿನವೂ ರೈಲಿನಲ್ಲಿ ಬರಬಲ್ಲೆ’ ಎಂದು ಸರಳ ಇಂಗ್ಲಿಷಿನಲ್ಲಿ ಹೇಳಿದ್ದರೆ ಸಾಕಿತ್ತು. ಇಂತಹ ಐದಾರು ವಾಕ್ಯಗಳನ್ನು ಪ್ರತಿಯೊಬ್ಬರೂ ತಮ್ಮದೇ ವಿವರಗಳಿಂದ ಕಟ್ಟಿಕೊಂಡು, ಅಪರಿಚಿತರೊಬ್ಬರ ಮುಂದೆ ನಿಂತು ಗಟ್ಟಿಯಾಗಿ ಹೇಳಿ ರೂಢಿ ಮಾಡಿಕೊಳ್ಳಬೇಕು. ನಿಮ್ಮ ಮುಂದೆ ಹೇಳಿದರೆ ಸಾಲದು. ಬೇರೆ ವಿಭಾಗದ, ಅವರಿಗೆ ಪರಿಚಯವಿಲ್ಲದ ಅಧ್ಯಾಪಕರನ್ನು ಕೂರಿಸಿ.

ದೊಡ್ಡ ಐಟಿ ಕಂಪೆನಿಗಳ ಕುರಿತು ಮಕ್ಕಳಲ್ಲಿ ಒಂದು ತಪ್ಪು ನಿರೀಕ್ಷೆ ಇದೆ. ಇನ್ಫೋಸಿಸ್ಸಿನ ಕ್ಯಾಂಪಸ್ಸು ಮುಡಿಪುವಿನಲ್ಲಿ, ನಮ್ಮ ಗಡಿಗೆ ತಾಗಿದಂತೆಯೇ ಇರುವುದರಿಂದ ಮೇಳದಲ್ಲಿ ಬಯೋಡಾಟಾ ಕೊಟ್ಟರೆ ಒಳಗೆ ಹೋಗಬಹುದು ಎಂದು ತಿಳಿಯುತ್ತಾರೆ. ಇಂತಹ ಕಂಪೆನಿಗಳು ಹೊಸ ಪದವೀಧರರನ್ನು ಮೊದಲು ಸೋಸುವುದು ಆನ್‌ಲೈನ್ ಪರೀಕ್ಷೆಯ ಮೂಲಕ. ಟಿಸಿಎಸ್‌ನ ಎನ್‌ಕ್ಯೂಟಿ ಅದಕ್ಕೊಂದು ಉದಾಹರಣೆ. ಸ್ಟಾಲಿನಲ್ಲಿ ಸಿಗುವುದು ನೋಂದಣಿಯ ಲಿಂಕು ಮಾತ್ರ. ಅಲ್ಲಿ ಸಾಲು ನಿಲ್ಲುವ ಗಂಟೆಯನ್ನು ಆಪ್ಟಿಟ್ಯೂಡ್ ಅಭ್ಯಾಸಕ್ಕೆ ಕೊಟ್ಟರೆ ಲಾಭ ಹೆಚ್ಚು.

ಇನ್ನೊಂದು ಸಣ್ಣ ವಿಷಯ, ಆದರೆ ಇದರಿಂದ ಕೆಲಸ ತಪ್ಪಿದವರನ್ನು ಬಲ್ಲೆ. ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಹೆಸರಿನ ನಂತರ ಇನಿಷಿಯಲ್, ಆಧಾರಿನಲ್ಲಿ ಅದೇ ಇನಿಷಿಯಲ್ ಬಿಡಿಸಿ ತಂದೆಯ ಹೆಸರು, ಪ್ಯಾನ್ ಕಾರ್ಡಿನಲ್ಲಿ ತರವಾಡು ಮನೆಯ ಹೆಸರು ಹೀಗೆ ಒಬ್ಬನೇ ವಿದ್ಯಾರ್ಥಿ ದಾಖಲೆಗಳಲ್ಲಿ ಮೂವರಾಗಿರುತ್ತಾನೆ. ಪಿಎಫ್ ಖಾತೆ ತೆರೆಯುವಾಗ, ಹಿನ್ನೆಲೆ ಪರಿಶೀಲನೆಯವರು ದಾಖಲೆ ಕೇಳಿದಾಗ ಇದು ತೊಡಕಾಗುತ್ತದೆ. ಐದನೆಯ ಸೆಮಿಸ್ಟರಿನಲ್ಲೇ ಎಲ್ಲವನ್ನೂ ಎಸ್‌ಎಸ್‌ಎಲ್‌ಸಿ ಪುಸ್ತಕದಂತೆ ಸರಿಪಡಿಸಿಕೊಳ್ಳಲು ಹೇಳಿ.

ಉತ್ತರ: ಚಂದ್ರಗಿರಿ ತೀರ

ನಾನು ಕಾಸರಗೋಡಿನಲ್ಲೇ ಬಿಕಾಂ ಮುಗಿಸಿ, ಇಂತಹ ಒಂದು ಮೇಳದ ಮೂಲಕವೇ ಮಂಗಳೂರಿನ ಆಸ್ಪತ್ರೆಯೊಂದರ ವಿಮಾ ವಿಭಾಗಕ್ಕೆ ಸೇರಿದವಳು. ಮೇಲಿನವರು ಹೇಳಿದ ಭಾಷೆಯ ಮಾತು ಅಕ್ಷರಶಃ ನಿಜ. ನನ್ನನ್ನು ತೆಗೆದುಕೊಂಡದ್ದು ಮಲಯಾಳದಲ್ಲಿ ಓದಲು ಬರೆಯಲು ಬರುತ್ತದೆಂಬ ಕಾರಣಕ್ಕೆ. ಮೇಳದ ದಿನ ನಾನು ಎಲ್ಲ ಮೇಜುಗಳಿಗೂ ಹೋಗಲಿಲ್ಲ; ಬೇಕಾದವುಗಳನ್ನು ಮೊದಲೇ ಗುರುತಿಸಿಕೊಂಡು, ಜನ ಸೇರುವ ಮೊದಲು ಬೆಳಗ್ಗೆಯೇ ಅಲ್ಲಿಗೆ ಹೋದೆ. ಮಧ್ಯಾಹ್ನದ ಹೊತ್ತಿಗೆ ಎಚ್‌ಆರ್‌ನವರೂ ದಣಿದಿರುತ್ತಾರೆ.

ಸಂಬಳದ ಲೆಕ್ಕವನ್ನು ಅಧ್ಯಾಪಕರು ತರಗತಿಯಲ್ಲೇ ಬಿಡಿಸಿ ತೋರಿಸಬೇಕೆಂದು ಕೇಳಿಕೊಳ್ಳುತ್ತೇನೆ, ಬಿಕಾಂ ಮಕ್ಕಳಿಗಂತೂ ಅದು ಪಾಠವೂ ಆಗುತ್ತದೆ. ಮೇಜಿನ ಮೇಲಿನ ಫಲಕದಲ್ಲಿ ವರ್ಷಕ್ಕೆ 2,40,000 ರೂಪಾಯಿ ಸಿಟಿಸಿ (ನಮಗಾಗಿ ಕಂಪೆನಿ ಮಾಡುವ ಒಟ್ಟು ಖರ್ಚು) ಎಂದಿದ್ದರೆ ಮನೆಯಲ್ಲಿ ತಿಂಗಳಿಗೆ 20,000 ಎಂದು ಹೇಳಿಬಿಡುತ್ತೇವೆ. ಮೂಲವೇತನ 10,000 ಎಂದು ಇಟ್ಟುಕೊಂಡರೆ, ಆ 20,000ದೊಳಗೆ ಕಂಪೆನಿಯ ಪಾಲಿನ ಪಿಎಫ್ 1,200, ಗ್ರಾಚ್ಯುಟಿಯ ಲೆಕ್ಕದಲ್ಲಿ 481, ಕಂಪೆನಿಯ ಪಾಲಿನ ಇಎಸ್‌ಐ (ನೌಕರರ ವಿಮೆ) ಒಟ್ಟು ಸಂಬಳದ ಶೇಕಡಾ 3.25 ಇವೆಲ್ಲ ಅಡಗಿರುತ್ತವೆ. ಅವನ್ನು ಕಳೆದು, ನಮ್ಮ ಪಾಲಿನ ಪಿಎಫ್ 1,200ನ್ನೂ ಇಎಸ್‌ಐ ಶೇಕಡಾ 0.75ನ್ನೂ ಮುರಿದುಕೊಂಡ ಮೇಲೆ ಕೈಗೆ ಬರುವುದು ಸುಮಾರು 16,400 ರೂಪಾಯಿ. ಅದರಲ್ಲೂ ಒಂದು ಪಾಲು ‘ವೇರಿಯಬಲ್’ ಎಂದಿದ್ದರೆ ಮತ್ತಷ್ಟು ಇಳಿಯುತ್ತದೆ. ಪಿಎಫ್ ನಮ್ಮದೇ ಹಣ, ಅದು ನಷ್ಟವಲ್ಲ. ಆದರೆ ಪಿಜಿಯ ಬಾಡಿಗೆ, ಊಟ, ರೈಲಿನ ಪಾಸು ಇವನ್ನೆಲ್ಲ ಕೈಗೆ ಬರುವ ಮೊತ್ತದಿಂದಲೇ ಕೊಡಬೇಕಾಗುವುದರಿಂದ ಲೆಕ್ಕ ಮೊದಲೇ ತಿಳಿದಿರಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು. ಆಯ್ಕೆಯಾದ ಮೇಲೆ ಮನೆಯಲ್ಲಿ ‘ರಾತ್ರಿ ಪಾಳಿಯಾದರೆ ಬೇಡ’ ಎಂದು ತಡೆದದ್ದರಿಂದ ನನ್ನ ಜೊತೆಯವರು ಒಳ್ಳೆಯ ಕೆಲಸಗಳನ್ನು ಬಿಟ್ಟಿದ್ದಾರೆ. ಪಾಳಿ ಯಾವುದು, ರಾತ್ರಿ ಮನೆಗೆ ಬಿಡುವ ವಾಹನವಿದೆಯೇ ಎಂದು ಮೇಜಿನಲ್ಲೇ ಕೇಳಬಹುದು. ಅದರಿಂದ ಯಾರೂ ತಪ್ಪು ತಿಳಿಯುವುದಿಲ್ಲ. ಮೇಳಕ್ಕೆ ಮೊದಲು ಪೋಷಕರನ್ನು ಒಮ್ಮೆ ಕಾಲೇಜಿಗೆ ಕರೆಸಿ, ಬರುವ ಕೆಲಸಗಳ ಸ್ವರೂಪವನ್ನು ಅವರಿಗೆ ತಿಳಿಸಿದರೆ ಅರ್ಧ ತೊಂದರೆ ಅಲ್ಲಿಗೇ ಮುಗಿಯುತ್ತದೆ.

ಪ್ರಶ್ನೆ ಕೇಳಿದವರು: ಕುಂಬಳೆ ಸೀಮೆಯ ಅಧ್ಯಾಪಕಿ

ಇಬ್ಬರಿಗೂ ಮನಸಾರೆ ಕೃತಜ್ಞತೆಗಳು. ಸಂಘಟಕರಿಗೆ ಹುದ್ದೆಗಳ ವಿವರ ಕೇಳಿ ಈಗಾಗಲೇ ಮಿಂಚಂಚೆ ಕಳಿಸಿದ್ದೇನೆ. ಇದೇ ಸಂದರ್ಭದಲ್ಲಿ ಇನ್ನೊಂದು ಸಂಶಯ: ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಮೇಳದಲ್ಲಿ ಆಯ್ಕೆ ಮಾಡಿದ ಸಂಸ್ಥೆಯಿಂದ ಬಂದ ಪತ್ರದಲ್ಲಿ, ಎರಡು ವರ್ಷ ಬಿಟ್ಟುಹೋಗಬಾರದು, ಹೋದರೆ ಒಂದು ಲಕ್ಷ ರೂಪಾಯಿ ಕಟ್ಟಬೇಕು, ಸೇರುವ ದಿನ ಮೂಲ ಅಂಕಪಟ್ಟಿಗಳನ್ನೂ ಸಹಿ ಮಾಡಿದ ಖಾಲಿ ಚೆಕ್ಕನ್ನೂ ಒಪ್ಪಿಸಬೇಕು ಎಂದು ಬರೆದಿದೆ. ಅವನ ತಂದೆ ನನ್ನ ಬಳಿ ಬಂದು ‘ಟೀಚರೇ, ಸೇರಿಸುವುದಾ ಬೇಡವಾ’ ಎಂದು ಕೇಳಿದರು. ನಾನು ಏನು ಹೇಳಬೇಕು?

ಉತ್ತರ: ಕಾಸರಗೋಡಿನ ವಕೀಲ

ಟೀಚರೇ, ಆ ಪತ್ರದಲ್ಲಿರುವುದು ಮೂರು ಪ್ರತ್ಯೇಕ ವಿಷಯಗಳು. ಮೂರಕ್ಕೂ ಉತ್ತರ ಬೇರೆ ಬೇರೆ.

ಎರಡು ವರ್ಷ ಬಿಟ್ಟುಹೋಗಬಾರದೆಂಬ ಷರತ್ತನ್ನು ಬಾಂಡ್ ಎನ್ನುತ್ತಾರೆ. ಬಾಂಡ್ ಎಂದ ಕೂಡಲೇ ಅದು ಕಾನೂನುಬಾಹಿರ, ಹೆದರಬೇಕಾಗಿಲ್ಲ ಎಂದು ಧೈರ್ಯ ಹೇಳುವವರು ನಮ್ಮಲ್ಲಿ ಬಹಳ. ಆ ಧೈರ್ಯವನ್ನು ನಂಬಬೇಡಿ. 1872ರ ಭಾರತೀಯ ಕರಾರು ಕಾಯಿದೆಯ 27ನೆಯ ಕಲಮು ಒಬ್ಬನ ವೃತ್ತಿಯನ್ನು ತಡೆಯುವ ಕರಾರನ್ನು ಅಸಿಂಧು ಎನ್ನುತ್ತದೆ ನಿಜ. ಕೆಲಸ ಬಿಟ್ಟ ಮೇಲೆ ಇಂತಹ ಕಡೆ ಸೇರಬಾರದು ಎಂಬ ಷರತ್ತಿಗೆ ಅದು ಅನ್ವಯಿಸುತ್ತದೆ. ಕೆಲಸದಲ್ಲಿರುವಷ್ಟು ಕಾಲ ಇಷ್ಟು ವರ್ಷ ದುಡಿಯುತ್ತೇನೆ, ಅದಕ್ಕೆ ಮೊದಲು ಬಿಟ್ಟರೆ ಇಷ್ಟು ಪರಿಹಾರ ಕೊಡುತ್ತೇನೆ ಎಂಬ ಷರತ್ತು ಬೇರೆಯೇ ಮಾತು. ಮಂಗಳೂರಿನಲ್ಲೇ 1931ರಲ್ಲಿ ಹುಟ್ಟಿ ಆಮೇಲೆ ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿಹೋದ ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರ ಪ್ರಕರಣದಲ್ಲಿ, ಮೂರು ವರ್ಷಕ್ಕೆ ಮೊದಲು ಬಿಟ್ಟರೆ ಎರಡು ಲಕ್ಷ ರೂಪಾಯಿ ಎಂಬ ಷರತ್ತನ್ನು ಸುಪ್ರೀಂ ಕೋರ್ಟು 2025ರ ಮೇ ತಿಂಗಳಿನಲ್ಲಿ ಎತ್ತಿಹಿಡಿದಿದೆ. ಅಲ್ಲಿ ನ್ಯಾಯಾಲಯ ಗಮನಿಸಿದ್ದು, ಸಾರ್ವಜನಿಕ ವಲಯದ ಬ್ಯಾಂಕು ಜಾಹೀರಾತು, ಪರೀಕ್ಷೆ, ಸಂದರ್ಶನಗಳ ಮೂಲಕವೇ ನೇಮಕ ಮಾಡಬೇಕಾದ್ದರಿಂದ ಮಧ್ಯದಲ್ಲಿ ಬಿಟ್ಟುಹೋದರೆ ಆಗುವ ಖರ್ಚನ್ನು, ಮತ್ತು ಆ ಹುದ್ದೆಯ ಸಂಬಳಕ್ಕೆ ಹೋಲಿಸಿದರೆ ಮೊತ್ತ ವಿಪರೀತವಲ್ಲ ಎಂಬುದನ್ನು. ಹದಿನಾರು ಸಾವಿರ ಕೈಗೆ ಬರುವ ಹುಡುಗನಿಗೆ ಒಂದು ಲಕ್ಷ ವಿಧಿಸಿದರೆ ಅದೇ ತರ್ಕ ಹಾಗೆಯೇ ನಿಲ್ಲುತ್ತದೆಂದು ಹೇಳಲಾಗದು, ಏಕೆಂದರೆ ಅದೇ ಕಾಯಿದೆಯ 74ನೆಯ ಕಲಮಿನ ಪ್ರಕಾರ ಬರೆದ ಮೊತ್ತವನ್ನು ಮೀರದಂತೆ ನ್ಯಾಯವಾದ ಪರಿಹಾರವನ್ನಷ್ಟೇ ಕೊಡಿಸಲು ಬರುತ್ತದೆ. ಆದರೆ ಇದನ್ನು ವಾದಿಸಿ ಗೆಲ್ಲಬೇಕಾದದ್ದು ನ್ಯಾಯಾಲಯದಲ್ಲಿ. ಸಹಿ ಮಾಡುವ ಮೊದಲೇ ಹುಡುಗ ಎರಡು ವಿಷಯ ಲಿಖಿತವಾಗಿ ಕೇಳಬೇಕು: ಈ ಹಣಕ್ಕೆ ಬದಲಾಗಿ ಸಂಸ್ಥೆ ಕೊಡುವ ತರಬೇತಿ ಯಾವುದು, ಸಂಸ್ಥೆಯೇ ಅವನನ್ನು ತೆಗೆದರೆ ಬಾಂಡ್ ರದ್ದಾಗುತ್ತದೆಯೇ.

ಮೂಲ ಅಂಕಪಟ್ಟಿಗಳನ್ನು ಮಾತ್ರ ಯಾವ ಕಾರಣಕ್ಕೂ ಬಿಟ್ಟುಬರಬಾರದು. ಪರಿಶೀಲನೆಗೆ ತೋರಿಸಬೇಕು, ಸ್ವದೃಢೀಕರಿಸಿದ ಪ್ರತಿ ಕೊಡಬೇಕು, ಮೂಲವನ್ನು ಅದೇ ದಿನ ಮನೆಗೆ ತರಬೇಕು. ಪ್ರವೇಶ ಪಡೆದ ವಿದ್ಯಾರ್ಥಿಗಳ ಮೂಲ ದಾಖಲೆಗಳನ್ನು ಕಾಲೇಜುಗಳೇ ಇಟ್ಟುಕೊಳ್ಳಬಾರದೆಂದು ಯುಜಿಸಿ 2018ರಲ್ಲಿ ಹೇಳಿರುವಾಗ, ಕೆಲಸಕ್ಕೆ ಕರೆದವರಿಗೆ ಅವು ಯಾತಕ್ಕೆ? ಮಧ್ಯೆ ಪಿಎಸ್‌ಸಿ ಸಂದರ್ಶನ ಬಂದರೆ, ಬಿಎಡ್ ಸೀಟು ಸಿಕ್ಕಿದರೆ ಆ ಹುಡುಗ ಬರಿಗೈಯಲ್ಲಿ ನಿಲ್ಲುತ್ತಾನೆ.

ಸಹಿ ಮಾಡಿದ ಖಾಲಿ ಚೆಕ್ಕು ಇವೆಲ್ಲಕ್ಕಿಂತ ಅಪಾಯಕಾರಿ. ಮೊತ್ತ ತುಂಬಿ ಬ್ಯಾಂಕಿಗೆ ಹಾಕಿ ಅದು ಮರಳಿದರೆ, 1881ರ ವರ್ಗಾವಣೀಯ ಲಿಖಿತಗಳ ಕಾಯಿದೆಯ 138ನೆಯ ಕಲಮಿನಡಿ ಕ್ರಿಮಿನಲ್ ಪ್ರಕರಣ ಹೂಡಲು ದಾರಿಯಾಗುತ್ತದೆ. ಅದಕ್ಕೆ ತಡೆಯೊಡ್ಡಲು ಆ ಬಡ ತಂದೆ ಬೇರೆ ರಾಜ್ಯದ ಕೋರ್ಟಿಗೆ ಅಲೆಯಬೇಕಾಗಬಹುದು. ಚೆಕ್ಕು, ಸೆಕ್ಯೂರಿಟಿ ಡಿಪಾಸಿಟ್, ತರಬೇತಿ ಶುಲ್ಕ ಇವುಗಳಲ್ಲಿ ಯಾವುದನ್ನಾದರೂ ಕಡ್ಡಾಯ ಮಾಡಿದರೆ ಬೇಡವೆಂದು ಹೇಳಿ. ಕೆಲಸ ಕೊಡುವವರು ಸಂಬಳ ಕೊಡಬೇಕೇ ವಿನಾ ಹಣ ಕೇಳಬಾರದು.

ಮೇಳಗಳ ಹೊರಬಾಗಿಲಲ್ಲಿ ಗಲ್ಫಿನ ಕೆಲಸದ ಕರಪತ್ರ ಹಂಚುವವರೂ ಇರುತ್ತಾರಾದ್ದರಿಂದ ಇದನ್ನೂ ಸೇರಿಸುತ್ತೇನೆ. ವಿದೇಶಕ್ಕೆ ಜನರನ್ನು ನೇಮಿಸುವ ಏಜೆಂಟರು 1983ರ ವಲಸೆ ಕಾಯಿದೆಯಡಿ ನೋಂದಾಯಿಸಿಕೊಂಡಿರಬೇಕು. ನೋಂದಣಿ ಇದೆಯೇ ಎಂಬುದನ್ನು ಇ-ಮೈಗ್ರೇಟ್ ಜಾಲತಾಣದಲ್ಲಿ ಯಾರೂ ನೋಡಬಹುದು. ಅವರು ಪಡೆಯಬಹುದಾದ ಸೇವಾಶುಲ್ಕಕ್ಕೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ ಎಂಬ ಮಿತಿಯಿದೆ. ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಕೆಲಸ ಮಾಡಿಸಿಕೊಡುತ್ತೇವೆ ಎಂಬ ಮಾತಿಗೆ ಯಾರೂ ಹೊರಡಬಾರದು.

ಉತ್ತರ: ಹೊಸದುರ್ಗದ (ಕಾಸರಗೋಡು ಜಿಲ್ಲೆಯ ಕಾಞಂಗಾಡ್) ಅಧ್ಯಾಪಕ

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ದೊಡ್ಡ ಮೇಳಕ್ಕೆ ಇಡೀ ತರಗತಿಯನ್ನು ಬಸ್ಸಿನಲ್ಲಿ ಒಯ್ಯುವುದು ನಮ್ಮಂತಹ ಕಾಲೇಜುಗಳಿಗೆ ಸರಿಹೊಂದುವುದಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ. ಸಾವಿರಾರು ಮಂದಿ ಸೇರುವಲ್ಲಿ ಕನ್ನಡ ಮಾಧ್ಯಮದಿಂದ ಬಂದ, ಸಂಕೋಚದ ಸ್ವಭಾವದ ಮಕ್ಕಳು ಎಷ್ಟೇ ಅಭ್ಯಾಸ ಮಾಡಿದ್ದರೂ ಹಿಂದೆ ಬೀಳುತ್ತಾರೆ. ಅದರ ಬದಲು ಮಂಜೇಶ್ವರದಿಂದ ಕಾಸರಗೋಡಿನವರೆಗಿನ ನಾಲ್ಕೈದು ಕಾಲೇಜುಗಳು ಒಟ್ಟಾಗಿ, ವ್ಯವಹಾರವೇ ಗಡಿಯ ಎರಡೂ ಬದಿಯಲ್ಲಿರುವ ಬೆರಳೆಣಿಕೆಯ ಉದ್ಯೋಗದಾತರನ್ನು ಇಲ್ಲಿಗೇ ಕರೆಸಬೇಕು. ಎರಡೂ ರಾಜ್ಯಗಳ ಅಡಿಕೆ ಬೆಳೆಗಾರರಿಗಾಗಿ 1973ರಲ್ಲಿ ಕಟ್ಟಿದ ಕ್ಯಾಂಪ್ಕೊವನ್ನು ನೋಡಿದರೆ, ಈ ಸೀಮೆಯ ಆರ್ಥಿಕತೆ ಗಡಿರೇಖೆಗೆ ಹೊಂದಿಕೊಂಡು ನಡೆಯುವುದಿಲ್ಲ ಎಂಬುದು ಅರ್ಥವಾಗುತ್ತದೆ. ಆಸ್ಪತ್ರೆಗಳು, ಲೆಕ್ಕಪರಿಶೋಧಕರ ಕಚೇರಿಗಳು, ಸಗಟು ವ್ಯಾಪಾರಿಗಳು, ಗೃಹಸಾಲದ ಸಂಸ್ಥೆಗಳು ಕರೆದರೆ ಬರುತ್ತವೆ, ಕರೆಯುವವರಿಲ್ಲ.

ಕೂಡಲೇ ಕಾಯಂ ಕೆಲಸ ಕೊಡಲು ಒಪ್ಪದವರನ್ನು ಅಪ್ರೆಂಟಿಸ್‌ಶಿಪ್ಪಿಗೆ ಒಪ್ಪಿಸಬಹುದು. 1961ರ ಅಪ್ರೆಂಟಿಸ್ ಕಾಯಿದೆಯ ಅಡಿಯಲ್ಲಿರುವ ಎನ್‌ಎಟಿಎಸ್ (ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ) ಯೋಜನೆ ಈಗ ಇಂಜಿನಿಯರುಗಳಿಗೆ ಮಾತ್ರವಲ್ಲ, ಬಿಎ, ಬಿಎಸ್ಸಿ, ಬಿಕಾಂ ಪದವೀಧರರಿಗೂ ಇದೆ. 2019ರ ತಿದ್ದುಪಡಿ ಪದವೀಧರರ ಕನಿಷ್ಠ ಭತ್ಯೆಯನ್ನು ತಿಂಗಳಿಗೆ 9,000 ರೂಪಾಯಿಗೆ ನಿಗದಿಪಡಿಸಿತು. ಅದರ ಅರ್ಧವನ್ನು ಸರಕಾರ ಭರಿಸುವುದರಿಂದ ಸಣ್ಣ ಸಂಸ್ಥೆಗಳಿಗೂ ಭಾರವಾಗುವುದಿಲ್ಲ. ಚೆನ್ನೈಯಲ್ಲಿರುವ ದಕ್ಷಿಣ ವಲಯದ ಅಪ್ರೆಂಟಿಸ್‌ಶಿಪ್ ತರಬೇತಿ ಮಂಡಳಿಯೇ ಕೇರಳ, ಕರ್ನಾಟಕ ಎರಡನ್ನೂ ನೋಡಿಕೊಳ್ಳುವುದರಿಂದ ನಮ್ಮ ವಿದ್ಯಾರ್ಥಿ ಮಂಗಳೂರಿನಲ್ಲಿ ಅಪ್ರೆಂಟಿಸ್ ಆಗಲು ರಾಜ್ಯದ ಗಡಿ ಅಡ್ಡಬರುವುದಿಲ್ಲ. ವರ್ಷದ ಕೊನೆಯಲ್ಲಿ ಸಿಗುವ ಪ್ರಮಾಣಪತ್ರ ಮುಂದಿನ ಸಂದರ್ಶನದಲ್ಲಿ ಅನುಭವವೆಂದು ತೋರಿಸಲು ಬರುತ್ತದೆ.

ಮತ್ತೊಂದು, ಮೇಳದಲ್ಲಿ ಕೆಲಸ ಸಿಗದವರು ಕೈಚೆಲ್ಲದಂತೆ ಬ್ಯಾಂಕ್ ಪರೀಕ್ಷೆಗಳ ಕಡೆಗೂ ಹೊರಳಿಸಿ. ಐಬಿಪಿಎಸ್ ಎಂಬ ಸಂಸ್ಥೆ ಪರೀಕ್ಷೆ ನಡೆಸುವ ಬ್ಯಾಂಕ್ ಗುಮಾಸ್ತ ಹುದ್ದೆಗೆ ಅಭ್ಯರ್ಥಿ ಒಂದು ರಾಜ್ಯವನ್ನು ಆರಿಸಿಕೊಂಡು ಅಲ್ಲಿನ ಭಾಷೆ ತಿಳಿದಿರಬೇಕು. ಕನ್ನಡದಲ್ಲಿ ಓದು ಬರಹ ಬಲ್ಲ ನಮ್ಮ ಮಕ್ಕಳು ಕರ್ನಾಟಕದ ಹುದ್ದೆಗಳಿಗೂ, ಮಲಯಾಳವನ್ನು ಬರೆಯಲು ಕಲಿತವರು ಕೇರಳದ ಹುದ್ದೆಗಳಿಗೂ ಅರ್ಜಿ ಹಾಕಬಹುದು. ಯಾವ ರಾಜ್ಯದಲ್ಲಿ ಹುದ್ದೆ ಹೆಚ್ಚಿದೆಯೆಂದು ನೋಡಿ ಆರಿಸುವ ಅವಕಾಶ ಎಲ್ಲರಿಗೂ ಇರುವುದಿಲ್ಲ.

ಉತ್ತರ: ಮಂಜೇಶ್ವರದವನು

ಹೊಸದುರ್ಗದ ಸರ್ ಹೇಳಿದ್ದಕ್ಕೆ ನನ್ನ ಪೂರ್ಣ ಸಹಮತವಿದೆ, ಆದರೆ ಮೇಳವನ್ನು ಪೂರ್ತಿ ಬಿಡಬೇಕಾಗಿಲ್ಲ. ಹುದ್ದೆಗಳ ವಿವರ ಬಂದ ಮೇಲೆ, ಅವಕ್ಕೆ ಹೊಂದುವ ವಿದ್ಯಾರ್ಥಿಗಳನ್ನಷ್ಟೇ ಆರಿಸಿ ಕರೆದುಕೊಂಡು ಹೋಗಿ. ಅದೇ ಸಂಜೆ ಕಾಲೇಜಿನ ಅಧಿಕೃತ ಮಿಂಚಂಚೆಯಿಂದ, ಆ ದಿನ ಆ ಸಂಸ್ಥೆಯವರನ್ನು ಕಂಡ ನಿಮ್ಮ ವಿದ್ಯಾರ್ಥಿಗಳ ಹೆಸರು, ಪದವಿ, ಅಂಕ, ಭಾಷೆಗಳು, ಫೋನ್ ನಂಬರು ಇರುವ ಒಂದೇ ಪುಟದ ಪಟ್ಟಿಯನ್ನು ಎಚ್‌ಆರ್‌ಗೆ ಕಳಿಸಿ. ಹಾಳೆಗಳ ಅಟ್ಟಿಯಲ್ಲಿ ಹೆಸರು ಕಳೆದುಹೋದರೂ ಈ ಪಟ್ಟಿ ಉಳಿಯುತ್ತದೆ, ಮತ್ತು ಮಧ್ಯದಲ್ಲಿ ಯಾರಾದರೂ ಕೆಲಸ ಬಿಟ್ಟಾಗ ನಾವು ಮೊದಲು ತೆರೆಯುವುದು ಇಂತಹ ಪಟ್ಟಿಯನ್ನೇ.

ಕಾಲೇಜುಗಳು ಒಟ್ಟಾಗಿ ಇಲ್ಲೇ ಸಂದರ್ಶನ ಏರ್ಪಡಿಸುವುದಾದರೆ ಆರನೆಯ ಸೆಮಿಸ್ಟರಿನ ಪರೀಕ್ಷೆಗೆ ಮೊದಲು, ಫೆಬ್ರವರಿಯ ಹೊತ್ತಿಗೆ ಇಟ್ಟುಕೊಳ್ಳಿ. ಅಂತಿಮ ಅಂಕಪಟ್ಟಿ ಕೈಸೇರುವವರೆಗೆ ಕಾಯಬೇಕಾಗಿಲ್ಲ, ಐದು ಸೆಮಿಸ್ಟರುಗಳ ಅಂಕ ಸಾಕು. ನಮ್ಮ ಸಂಸ್ಥೆಯಲ್ಲಿ ಮಾತನಾಡಿ ಇಬ್ಬರನ್ನು ಕರೆದುಕೊಂಡು ಬರುವ ಜವಾಬ್ದಾರಿ ನನ್ನದು. ದಿನಾಂಕ ನಿಶ್ಚಯವಾದ ಮೇಲೆ ಇಲ್ಲಿಯೇ ತಿಳಿಸಿ, ಬಿಕಾಂನ ಆ ವಿದ್ಯಾರ್ಥಿನಿಯ ಹೆಸರನ್ನು ಪಟ್ಟಿಯಲ್ಲಿ ಸೇರಿಸಲು ಮರೆಯಬೇಡಿ.